43 ದಿನದ ಎನ್‌ಐಸಿಯು: ಹಾಲಿನ ಲ್ಯಾಬಿನವನೊಬ್ಬನ ರಿವ್ಯೂ

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ. ಹೆಸರು ಹಾಕಿದರೆ ಎರಡನ್ನೂ ಅಳೆದು ತೂಗಿ ಬರೆಯಬೇಕಾಗುತ್ತದೆ, ಅದು ನನಗೆ ಬೇಡ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಅಂದುಕೊಳ್ಳಿ. ಅಲ್ಲಿನ ಎನ್‌ಐಸಿಯುನಲ್ಲಿ, ಅಂದರೆ ಆಗಷ್ಟೇ ಹುಟ್ಟಿದ ಮಕ್ಕಳ ಐಸಿಯುನಲ್ಲಿ, ನನ್ನ ಮಗಳು 43 ದಿನ ಇದ್ದಳು. ನಾನು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಇದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಟ್ಯಾಂಕರ್ ಬಂದರೆ ಸ್ಯಾಂಪಲ್ ತೆಗೆದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡುವುದು. ಮೆಥಿಲೀನ್ ಬ್ಲೂ ಹಾಕಿ ನೀಲಿ ಬಣ್ಣ ಎಷ್ಟು ಹೊತ್ತಿಗೆ ಮಾಯ ಆಗುತ್ತೆ ಅಂತ ಕಾಯುವುದು. ಬೇಗ ಬೆಳ್ಳಗಾದರೆ ಹಾಲಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಐದು ಗಂಟೆ ನೀಲಿ ನಿಂತರೆ ಒಳ್ಳೆ ಹಾಲು. ಪ್ಯಾಕಿಂಗ್ ಸೆಕ್ಷನ್ನಿನವರ ಅಂಗೈಗೆ ಸ್ವಾಬ್ ಉಜ್ಜಿ, ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡಲು ಪ್ಲೇಟ್ ಹಾಕುವುದೂ ನನ್ನದೇ ಕೆಲಸ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ನಲ್ಲಿ, ಸಿಂಕು, ಒರೆಸುವ ಬಟ್ಟೆ ಕಡೆಗೇ ಹೋಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೀಗೆ ಮಾಡುತ್ತೇನೆ ಅಂತ ಹೆಂಡತಿ ಬೈಯುತ್ತಾಳೆ.

ಅವಳಿಗೆ ಏಳನೇ ತಿಂಗಳ ಸೀಮಂತ ಆಗಿ ಒಂದು ವಾರವೂ ಆಗಿರಲಿಲ್ಲ, ಬಿಪಿ ಏರಿತು. ಕಾಲು ಊದಿತು, ಕಣ್ಣು ಮಂಜಾಯಿತು. ಮಗುವಿನ ಶ್ವಾಸಕೋಶ ಗಟ್ಟಿಯಾಗಲಿ ಅಂತ 12 ಗಂಟೆಗೊಂದರಂತೆ ನಾಲ್ಕು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆಮೇಲೆ ಆಪರೇಷನ್ ಮಾಡಿ ಮಗು ತೆಗೆದರು. 30 ವಾರ. ತೂಕ 1,180 ಗ್ರಾಂ. ಒಂದು ಲೀಟರ್ ಹಾಲು 1,030 ಗ್ರಾಂ ತೂಗುತ್ತದೆ. ನನ್ನ ತಲೆಗೆ ಮೊದಲು ಬಂದಿದ್ದೇ ಆ ಲೆಕ್ಕ. ಒಂದು ಲೀಟರ್ ಹಾಲು, ಮೇಲೊಂದು ಲೋಟ.

ಈಗ ಎನ್‌ಐಸಿಯು ಬಾಗಿಲಿಗೆ ಬರುತ್ತೇನೆ. ಈ ಆಸ್ಪತ್ರೆಗೆ ನಾನು ಪೂರ್ತಿ ಅಂಕ ಕೊಡುವುದು ಅಲ್ಲಿಗೇ. ಬಾಗಿಲ ಪಕ್ಕ ಉದ್ದನೆಯ ಸಿಂಕು, ಮೊಣಕೈಯಿಂದ ತಿರುಗಿಸುವ ನಲ್ಲಿ. ಅಲ್ಲೊಬ್ಬರು ಆಯಮ್ಮ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಅವರ ಕೆಲಸ ಒಂದೇ, ಕೈ ತೊಳೆಸುವುದು. ವಾಚು, ಉಂಗುರ, ಬಳೆ, ಕೈಗೆ ಕಟ್ಟಿದ ದಾರ ಯಾವುದೂ ಒಳಗೆ ಹೋಗುವಂತಿಲ್ಲ. ತೋಳು ಮೊಣಕೈವರೆಗೆ ಮಡಚಬೇಕು. ಅಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು ತುದಿ, ಎಲ್ಲ ಉಜ್ಜಿ ಒಂದು ನಿಮಿಷ. ಅವಸರ ಮಾಡಿದರೆ "ಇನ್ನೊಂದ್ ಸಲ ಅಣ್ಣಾ" ಅನ್ನುತ್ತಾರೆ. ಒಂದು ದಿನ ಒಬ್ಬ ದೊಡ್ಡ ಡಾಕ್ಟರು ಫೋನಲ್ಲಿ ಮಾತಾಡುತ್ತಾ ಬಂದು ಸುಮ್ನೆ ನೀರು ಚಿಮುಕಿಸಿಕೊಂಡು ಹೊರಟರು. ಆಯಮ್ಮ ಅವರನ್ನೂ ಬಿಡಲಿಲ್ಲ. "ಸಾರ್, ಸೋಪು." ಅವರು ವಾಪಸ್ ಬಂದು ತೊಳೆದರು. ಆ ಒಂದು ದೃಶ್ಯಕ್ಕೆ ನಾನು ಒಂದು ಸ್ಟಾರ್ ಬರೆದುಕೊಂಡೆ.

ಬಳೆ ವಿಷಯದಲ್ಲಿ ನಮ್ಮ ಮನೆಯವರಿಗೆ ಕಷ್ಟ ಆಯಿತು. ಸೀಮಂತದ ಹಸಿರು ಗಾಜಿನ ಬಳೆ ಎರಡೂ ಕೈ ತುಂಬ ಇತ್ತು. ಬಾಣಂತಿ ಬರಿಗೈಲಿ ಇರಬಾರದು ಅಂತ ನಮ್ಮತ್ತೆ. ಬಳೆ ಹಾಕಿಕೊಂಡು ಒಳಗೆ ಬಿಡಲ್ಲ ಅಂತ ಆಯಮ್ಮ. ಇಬ್ಬರೂ ಒಂದೇ ವಯಸ್ಸಿನವರು, ಇಬ್ಬರ ದನಿಯೂ ಏರಿತು. ಕೊನೆಗೆ ಆಯಮ್ಮನೇ ಸೋಪಿನ ನೀರು ಹಚ್ಚಿ ಒಂದೊಂದಾಗಿ ಜಾರಿಸಿದರು. ಒಂದು ಬಳೆ ಹೆಚ್ಚಿತು. ಅತ್ತೆ ಮುಖ ನೋಡಲಾಗಲಿಲ್ಲ. ಆಯಮ್ಮ ಚೂರನ್ನು ಎತ್ತಿ ಪೇಪರಿನಲ್ಲಿ ಸುತ್ತಿ ಅತ್ತೆಯ ಕೈಗೇ ಕೊಟ್ಟು, "ಮಗೀಗೆ ಮೈ ತುಂಬ್ಲಿ, ಆಮೇಲೆ ಇಬ್ರಿಗೂ ತೊಡಿಸ್ಕೊಳಿ ಅಕ್ಕ" ಅಂದರು. ಮಿಕ್ಕ ಬಳೆ 43 ದಿನ ಟಿಫನ್ ಡಬ್ಬಿಯೊಳಗೆ ಇದ್ದವು.

ಇಷ್ಟೆಲ್ಲ ಯಾಕೆ ಅಂದರೆ, ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಬೇಲಿಯೇ ಇರುವುದಿಲ್ಲ. ರೋಗ ತಡೆಯುವ ಆಂಟಿಬಾಡಿ ತಾಯಿಯಿಂದ ಮಗುವಿಗೆ ಹೋಗುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ನನ್ನ ಮಗಳಿಗೆ ಅದರಲ್ಲಿ ಹೆಚ್ಚಿನ ಭಾಗ ಸಿಗಲೇ ಇಲ್ಲ. ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಅದರ ಮೇಲೆ ಮೂಗಿಗೆ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್, ಬಾಯಿಂದ ಹೊಟ್ಟೆಗೆ ಹಾಲಿನ ನಳಿಗೆ, ತೋಳಿನ ನರದಿಂದ ಎದೆವರೆಗೆ ಹೋಗುವ ಪಿಕ್ ಲೈನ್. ಬದುಕಿಸುವುದೂ ಈ ನಳಿಗೆಗಳೇ, ಬ್ಯಾಕ್ಟೀರಿಯಾ ಒಳಗೆ ಬರುವ ದಾರಿಯೂ ಇವೇ.

ಮೊದಲ ಮೂರು ದಿನ ಉಸಿರಿನದೇ ಚಿಂತೆ. ಶ್ವಾಸಕೋಶ ಮುದುಡಿಕೊಳ್ಳದಿರಲಿ ಅಂತ ಸರ್ಫ್ಯಾಕ್ಟಂಟ್ ಕೊಟ್ಟರು, ಉಸಿರು ಮರೆಯದಿರಲಿ ಅಂತ ಕೆಫೀನ್ ಶುರು ಮಾಡಿದರು. ಹುಟ್ಟಿದ ತಕ್ಷಣ ಹಾಕಿದ್ದ ಆಂಟಿಬಯೋಟಿಕ್ಕನ್ನು 48 ಗಂಟೆಗೆ, ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆದಿಲ್ಲ ಅಂತ ನಿಲ್ಲಿಸಿದರು. ಇದು ನನಗೆ ಹಿಡಿಸಿತು. "ಇರಲಿ ಬಿಡಿ, ಒಂದು ವಾರ ಹೋಗಲಿ" ಅನ್ನುವ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ.

ಬೈಗುಳ ಶುರುವಾಗುವುದು ಒಂಬತ್ತನೇ ದಿನದ ರಾತ್ರಿ. ಭಾನುವಾರ. ನಾನು ಹೊರಗೆ ಕುರ್ಚಿಯಲ್ಲೇ ಜೋಂಪು ಹತ್ತಿ ಕೂತಿದ್ದೆ. 1:40ಕ್ಕೆ ಒಬ್ಬ ವಾರ್ಡ್ ಬಾಯ್ ಬಂದು ಒಂದು ಚೀಟಿ ಕೊಟ್ಟು, "ಫಾರ್ಮಸಿಯಿಂದ ಅರ್ಜೆಂಟ್ ತಗೊಂಡ್ ಬನ್ನಿ" ಅಂದ. ಚೀಟಿಯಲ್ಲಿ ಮೆರೋಪೆನೆಮ್ 125 ಎಂಜಿ, ಅಮಿಕಾಸಿನ್ (ಎರಡೂ ಆಂಟಿಬಯೋಟಿಕ್), ಸಣ್ಣ ಕ್ಯಾನುಲಾ ಎರಡು, ಬ್ಲಡ್ ಕಲ್ಚರ್ ಬಾಟಲಿ ಒಂದು. ಬ್ಲಡ್ ಕಲ್ಚರ್ ಅಂದ ತಕ್ಷಣ ನನಗೆ ಅರ್ಥ ಆಯಿತು. ಮಗಳ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ನನಗೆ ಮೊದಲು ಹೇಳಿದ್ದು ಡಾಕ್ಟರ್ ಅಲ್ಲ, ಸಿಸ್ಟರ್ ಅಲ್ಲ, ಔಷಧಿ ಚೀಟಿ. ಫಾರ್ಮಸಿ ಕೌಂಟರಿನಲ್ಲಿ ನಿಂತು, ಕೈ ನಡುಗಿ, ಕಾರ್ಡಿನ ಪಿನ್ ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ತಪ್ಪಿದ್ದರೆ ಕಾರ್ಡ್ ಲಾಕ್ ಆಗುತ್ತಿತ್ತು. ಮಧ್ಯರಾತ್ರಿ ಎರಡು ಗಂಟೆಗೆ ಮಗು ಉಳಿಸುವ ಔಷಧಿ ಅಪ್ಪನ ಡೆಬಿಟ್ ಕಾರ್ಡಿಗೆ ಕಾಯುವ ವ್ಯವಸ್ಥೆ ಯಾರು ಮಾಡಿದರೋ. ಮೊದಲ ಡೋಸು ಒಳಗಿನ ಸ್ಟಾಕಿನಿಂದಲೇ ಕೊಟ್ಟಾಗಿತ್ತು ಅಂತ ಬೆಳಿಗ್ಗೆ ಗೊತ್ತಾಯಿತು. ಆ ಒಂದು ಮಾತನ್ನು ರಾತ್ರಿಯೇ ಹೇಳಿದ್ದರೆ ಸಾಕಾಗಿತ್ತು, ಅಲ್ವಾ?

ಬೆಳಿಗ್ಗೆ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಹೇಳುವಾಗ ಚೆನ್ನಾಗಿಯೇ ಹೇಳುತ್ತಾರೆ, ಅದನ್ನು ಮರೆಯಬಾರದು. ರಾತ್ರಿ ಹನ್ನೊಂದರ ಹಾಲು ಜೀರ್ಣ ಆಗದೆ ನಳಿಗೆಯಲ್ಲಿ ಹಸಿರಾಗಿ ವಾಪಸ್ ಬಂತು. ಹೊಟ್ಟೆ ಉಬ್ಬಿತು. ಮಗು ಎರಡು ಸಲ ಉಸಿರು ನಿಲ್ಲಿಸಿತು, ಎದೆಬಡಿತ ಇಳಿಯಿತು. ಮೈ ಬಣ್ಣ ಅಮೃತಶಿಲೆಯ ಹಾಗೆ ಚುಕ್ಕೆ ಚುಕ್ಕೆ ಆಯಿತು. ಎದೆ ಮೇಲೆ ಬೆರಳು ಒತ್ತಿ ಬಿಟ್ಟರೆ ಬಿಳಿ ಹೋಗಿ ಕೆಂಪು ಬರಲು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಿತು. ಜ್ವರ ಇರಲಿಲ್ಲ. ನನಗೆ ಅದೇ ಆಶ್ಚರ್ಯ. ಇಷ್ಟು ಚಿಕ್ಕ ಮಕ್ಕಳಿಗೆ ಜ್ವರ ಬರಲೇಬೇಕು ಅಂತಿಲ್ಲವಂತೆ, ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಪ್ಲೇಟ್‌ಲೆಟ್ 62 ಸಾವಿರಕ್ಕೆ ಇಳಿದಿತ್ತು, ಸೋಂಕಾದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಏರಿತ್ತು. ಇದನ್ನು ಅವರು ಸೆಪ್ಸಿಸ್ ಅನ್ನುತ್ತಾರೆ. ಹುಟ್ಟಿ 72 ಗಂಟೆಯೊಳಗೆ ಬಂದರೆ ಹೆಚ್ಚಾಗಿ ತಾಯಿಯ ಕಡೆಯಿಂದ ಬಂದಿದ್ದು, ಆಮೇಲೆ ಬಂದರೆ ಹೆಚ್ಚಾಗಿ ಸುತ್ತಲಿನಿಂದ. "ಸುತ್ತಲು" ಅಂದರೆ ಆಸ್ಪತ್ರೆ. ಅವರು ಆ ಪದವನ್ನು ನುಂಗಲಿಲ್ಲ, ನೇರವಾಗಿಯೇ ಹೇಳಿದರು.

ರಕ್ತವನ್ನು ಆಂಟಿಬಯೋಟಿಕ್ ಕೊಡುವ ಮುಂಚೆಯೇ ತೆಗೆದಿದ್ದೀರಾ ಅಂತ ಕೇಳಿದೆ. ಹೌದು, ಒಂದು ಎಂಎಲ್, ಅಂದರು. ಒಂದು ಎಂಎಲ್ ಅಂದರೆ ನಮಗೆ ಏನೂ ಅಲ್ಲ. ಅವಳ ಮೈಯಲ್ಲಿ ಇದ್ದ ರಕ್ತವೇ ಒಂದು ಟೀ ಲೋಟದಷ್ಟು. ಆದರೆ ಅದಕ್ಕಿಂತ ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ಇದ್ದೂ ಸಿಗದೆ ಹೋಗಬಹುದು. ಅವರ ಲ್ಯಾಬಿನ ಬಾಟಲಿಯ ತಳದಲ್ಲಿ ಒಂದು ಬಿಲ್ಲೆ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಅದು ನೀಲಿ-ಹಸಿರಿನಿಂದ ಹಳದಿಗೆ ತಿರುಗುತ್ತದೆ. ಮಿಷಿನ್ ಹಗಲೂ ರಾತ್ರಿ ನೋಡುತ್ತಾ ಇರುತ್ತದೆ. ಐದು ದಿನ ಬಣ್ಣ ಬದಲಾಗದಿದ್ದರೆ ನೆಗೆಟಿವ್. ನಾನು ಹನ್ನೊಂದು ವರ್ಷದಿಂದ ನೀಲಿ ಬಣ್ಣ ಹೋಗುವುದನ್ನು ಕಾಯುವ ಕೆಲಸ ಮಾಡಿದವನು. ಅಲ್ಲಿ ಹಾಲು ಕೆಟ್ಟರೆ ಟ್ಯಾಂಕರ್ ವಾಪಸ್ ಕಳಿಸುತ್ತೇವೆ. ಇಲ್ಲಿ ಕಾಯುವುದು ಬೇರೆ ಥರ ಇತ್ತು.

14 ಗಂಟೆಗೇ ಹಳದಿ ಆಯಿತು.

ಎರಡು ದಿನ ಬಿಟ್ಟು ಹೆಸರು ಬಂತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಡಾಕ್ಟರಮ್ಮ ನನಗೆ ವಿವರಿಸಲು ಶುರು ಮಾಡಿದರು, ನಾನು "ಗೊತ್ತು ಮೇಡಂ" ಅಂದೆ. ಅದು ನಮ್ಮ ಕೋಲಿಫಾರ್ಮ್ ಗುಂಪಿನದು, ಹಾಲಿಗೆ ಕೊಳೆ ಸೇರಿದೆ ಅಂತ ಹೇಳುವ ಬ್ಯಾಕ್ಟೀರಿಯಾ. ಪ್ಯಾಕೆಟ್ ಹಾಲಿನ ಪ್ಲೇಟಿನಲ್ಲಿ ಕೆಂಪು ಚುಕ್ಕೆಯಾಗಿ ಕಂಡರೆ ನಾನು ಪಾಶ್ಚರೈಸರ್‌ನಿಂದ ಪ್ಯಾಕಿಂಗ್ ಮಿಷಿನ್‌ವರೆಗೆ ಪ್ರತಿ ಪೈಪು, ಪ್ರತಿ ವಾಷರ್ ಬಿಚ್ಚಿಸಿ ತೊಳೆಸುವುದು ಇದರ ಕಾರಣಕ್ಕೇ. ಒದ್ದೆ ಜಾಗ ಅಂದರೆ ಇದಕ್ಕೆ ಪ್ರಾಣ. ಸಿಂಕಿನ ಬಾಯಿ, ಒದ್ದೆ ಬಟ್ಟೆ, ಸರಿಯಾಗಿ ಒಣಗದ ನಳಿಗೆ. ರಿಪೋರ್ಟಿನಲ್ಲಿ ಸೆಫೊಟಾಕ್ಸಿಮ್, ಸೆಫ್ಟಾಜಿಡೈಮ್ ಮುಂದೆ "ಆರ್", ಅಂದರೆ ಮದ್ದಿಗೆ ಬಗ್ಗಲ್ಲ. ಮೆರೋಪೆನೆಮ್, ಅಮಿಕಾಸಿನ್ ಮುಂದೆ "ಎಸ್", ಅಂದರೆ ಬಗ್ಗುತ್ತದೆ. ಆ ಎರಡು ಎಸ್ ನೋಡಿ ನಾನು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಮೆರೋಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ನಮ್ಮ ದೇಶದ ಎನ್‌ಐಸಿಯುಗಳಲ್ಲಿ ಹೊಸದೇನಲ್ಲ. ಆಗ ಕೊಲಿಸ್ಟಿನ್‌ನಂಥ ಹಳೇ, ಕಿಡ್ನಿಗೆ ಕಷ್ಟ ಕೊಡುವ ಔಷಧಿಗೆ ಹೋಗಬೇಕಾಗುತ್ತದೆ. ಆಮೇಲೆ ಓದಿದೆ, ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹಸುಗೂಸುಗಳ ಸೆಪ್ಸಿಸ್ಸನ್ನು 2011ರಿಂದ 2014ರವರೆಗೆ ನೋಡಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಸಿನೆಟೊಬ್ಯಾಕ್ಟರ್ ಮೊದಲು, ಕ್ಲೆಬ್ಸಿಯೆಲ್ಲಾ ಎರಡನೆಯದು, ಇ. ಕೋಲಿ ಮೂರನೆಯದು. ಮೊದಲ ಎರಡರಲ್ಲಿ ಸುಮಾರು ಔಷಧಿಗೆ ಬಗ್ಗದವೇ ಜಾಸ್ತಿ.

ಪಿಕ್ ಲೈನ್ ತೆಗೆದರು. ಬೆನ್ನಿನಿಂದ ನೀರು ತೆಗೆದು ಸೋಂಕು ಮೆದುಳಿಗೆ ಹೋಗಿದೆಯಾ ನೋಡಿದರು, ಹೋಗಿರಲಿಲ್ಲ. ಹೋಗಿದ್ದರೆ 21 ದಿನ, ಇಲ್ಲದ್ದಕ್ಕೆ 14 ದಿನ ಇಂಜೆಕ್ಷನ್. ಮೂರನೇ ದಿನದ ಕಲ್ಚರ್ ಕ್ಲಿಯರ್ ಬಂತು. ಚಿಕಿತ್ಸೆಯಲ್ಲಿ ನಾನು ಬೆರಳು ಮಾಡಿ ತೋರಿಸುವಂಥ ತಪ್ಪು ಏನೂ ಕಾಣಲಿಲ್ಲ.

ತಪ್ಪು ಕಂಡಿದ್ದು ಹಾಲು ಹಿಂಡುವ ರೂಮಿನಲ್ಲಿ. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ಆದರೆ ಹೆಂಡತಿಗೆ ಆಪರೇಷನ್ ಹೊಲಿಗೆ ಇನ್ನೂ ನೋಯುತ್ತಿತ್ತು, ಪಂಪಿನ ಬಿಡಿ ಭಾಗ ತೊಳೆಯಲು ಬಗ್ಗಲಾಗದೆ ಒಂದು ದಿನ ನನ್ನನ್ನು ಕರೆದಳು. "ರೀ, ಯಾರೂ ಇಲ್ಲ, ಬನ್ನಿ ಸ್ವಲ್ಪ." ಒಳಗೆ ಹೋದರೆ ಸ್ಟೀಲ್ ಸಿಂಕು, ಅದರ ಅಂಚಿನಲ್ಲಿ ಒಂದು ಹಳದಿ ಸ್ಪಂಜು. ಎಲ್ಲ ತಾಯಂದಿರೂ ಅದೇ ಸ್ಪಂಜಿನಲ್ಲಿ ಪಂಪಿನ ಕಪ್ಪು, ಬಾಟಲಿ ತೊಳೆಯುವುದು. ಪಕ್ಕದಲ್ಲಿ ಮೊಳೆಗೆ ನೇತುಹಾಕಿದ ಒಂದು ಟರ್ಕಿ ಟವಲ್, ಅದರಲ್ಲೇ ಎಲ್ಲರೂ ಕೈ ಒರೆಸುವುದು. ಮುಟ್ಟಿದೆ, ಒದ್ದೆ. ಸ್ಪಂಜನ್ನು ಹಿಂಡಿದೆ, ಬೂದು ನೀರು ಬಂತು, ಹಳಸಿದ ಹಾಲಿನ ವಾಸನೆ. ಬಾಗಿಲಲ್ಲಿ ಆಯಮ್ಮ ಒಂದು ನಿಮಿಷ ಉಜ್ಜಿಸಿ ಒಳಗೆ ಬಿಡುತ್ತಾರೆ, ಇಲ್ಲಿ ಅದೇ ಕೈ ಈ ಟವಲ್ಲಿಗೆ. ನಮ್ಮ ಡೇರಿಯಲ್ಲಿ ಈ ಸ್ಪಂಜು ಕಂಡರೆ ಶಿಫ್ಟ್ ಇನ್‌ಚಾರ್ಜ್‌ಗೆ ಮೆಮೋ ಕೊಡುತ್ತಾರೆ.

ನನ್ನ ಮಗಳಿಗೆ ಅದರಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಲೈನಿನಿಂದ ಬಂದಿರಬಹುದು, ಅವಳದೇ ಕರುಳಿನಿಂದ ದಾಟಿರಬಹುದು, ಯಾರದೋ ಕೈಯಿಂದ ಇರಬಹುದು. ಆದರೆ ಆ ಸ್ಪಂಜು ಅಲ್ಲಿ ಇರಬಾರದಿತ್ತು. ನರ್ಸಿಂಗ್ ಇನ್‌ಚಾರ್ಜ್‌ಗೆ ಹೇಳಿದೆ. ಮೊದಲು ಅವರು ಕೇಳಿದ್ದು, "ನೀವು ಆ ರೂಮಿಗೆ ಯಾಕೆ ಹೋದ್ರಿ ಸಾರ್?" ಮಾರನೇ ದಿನ ಬರೆದು ಕೊಟ್ಟೆ. ಅದರ ಮಾರನೇ ದಿನ ಸ್ಪಂಜು, ಟವಲ್ ಎರಡೂ ಇರಲಿಲ್ಲ. ಗೋಡೆಗೆ ಪೇಪರ್ ರೋಲ್ ಬಂತು, ಪ್ರತಿ ತಾಯಿಗೂ ಹೆಸರು ಬರೆದ ಬ್ರಷ್ಷು, ಪಂಪಿನ ಭಾಗ ಕುದಿಸಲು ಒಂದು ಸ್ಟೆರಿಲೈಸರ್. ಯಾರೂ ಸಾರಿ ಅನ್ನಲಿಲ್ಲ, ಥ್ಯಾಂಕ್ಸ್ ಅನ್ನಲೂ ಇಲ್ಲ. ಕೆಲಸ ಆಯಿತು, ನನಗೆ ಅಷ್ಟು ಸಾಕು.

ಇನ್ನೊಂದು ದೂರು ಸಿಸ್ಟರುಗಳ ಸಂಖ್ಯೆಯದು, ಸಿಸ್ಟರುಗಳ ಮೇಲಿನದಲ್ಲ. ಹಗಲು ಇಬ್ಬರು ಮಕ್ಕಳಿಗೆ ಒಬ್ಬರು. ಭಾನುವಾರ ರಾತ್ರಿ ನಾಲ್ಕು ಮಕ್ಕಳಿಗೆ ಒಬ್ಬರು. ಅವರೇ ಹಾಲು ಕೊಡಬೇಕು, ಡೈಪರ್ ಬದಲಿಸಬೇಕು, ಅಲಾರಂ ಹೊಡೆದ ಕಡೆ ಓಡಬೇಕು, ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಕೈಗೆ ಹ್ಯಾಂಡ್‌ರಬ್ ಹಾಕಿ ಒಣಗುವವರೆಗೆ ಉಜ್ಜಬೇಕು. ಗಾಜಿನಿಂದ ನೋಡುತ್ತಾ ಒಂದು ರಾತ್ರಿ ಸುಮ್ನೆ ಎಣಿಸಿದೆ. ಒಂದು ಗಂಟೆಯಲ್ಲಿ ಒಬ್ಬ ಸಿಸ್ಟರ್ 31 ಸಲ ಬಾಟಲಿ ಒತ್ತಿದರು. ಅವರ ಬೆರಳ ಗಿಣ್ಣು ಬಿರುಕು ಬಿಟ್ಟು ಕೆಂಪಾಗಿತ್ತು. ಕೇರಳದ ಹುಡುಗಿ, ಇಪ್ಪತ್ನಾಲ್ಕು ವರ್ಷ ಇರಬಹುದು. ನಮ್ಮ ಮಗುವನ್ನು "ಚಿನ್ನು" ಅಂತ ಕರೆಯುತ್ತಿದ್ದವರು ಅವರೇ, ನಾವು ಇನ್ನೂ ಹೆಸರಿಡುವ ಧೈರ್ಯ ಮಾಡಿರಲಿಲ್ಲ.

ಅವರೇ ನನಗೆ ಕಾಂಗರೂ ಕೇರ್ ಕಲಿಸಿದ್ದು. ಮಗು ಸ್ವಲ್ಪ ಸುಧಾರಿಸಿದ ಮೇಲೆ ಬರಿಮೈ ಎದೆಗೆ ಬರಿಮೈ ಮಗುವನ್ನು ಕಟ್ಟಿಕೊಂಡು ಕೂರುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ, ಸೋಂಕು ಜಾಸ್ತಿಯಾಗಿ ಶುರು ಮಾಡಿದ್ದಂತೆ. ಈಗ ಸೋಂಕು ಕಡಿಮೆ ಮಾಡುವ ಮದ್ದೇ ಇದು ಅನ್ನುತ್ತಾರೆ. ಹೆಂಡತಿಗೆ ಬೆಳಿಗ್ಗೆ, ನನಗೆ ಸಂಜೆ ಐದರಿಂದ ಏಳು. ಮೊದಲ ದಿನ ಎದೆ ಮೇಲೆ ಇಟ್ಟಾಗ ತೂಕವೇ ಗೊತ್ತಾಗಲಿಲ್ಲ. ಬಿಸಿ ಮಾತ್ರ ಗೊತ್ತಾಯಿತು.

ದುಡ್ಡಿನ ವಿಷಯ. ಒಟ್ಟು 6 ಲಕ್ಷ 40 ಸಾವಿರ ಆಯಿತು. ನಮ್ಮ ಇನ್ಶೂರೆನ್ಸಿನಲ್ಲಿ ಹೆರಿಗೆ, ಮಗು ಎರಡೂ ಸೇರಿ 50 ಸಾವಿರಕ್ಕೆ ಮಿತಿ. ಅದನ್ನು ಪಾಲಿಸಿ ತಗೊಂಡಾಗ ಯಾರು ಓದುತ್ತಾರೆ? ಬಿಲ್ಲಿನಲ್ಲಿ ಗ್ಲೌಸಿಗೆ ಗ್ಲೌಸು ಎಣಿಸಿ ಹಾಕಿದ್ದಾರೆ. ಗ್ಲೌಸಿಗೆ ನನ್ನ ತಕರಾರಿಲ್ಲ, ಅದನ್ನು ಬದಲಾಯಿಸದಿದ್ದರೆ ತಕರಾರು ಮಾಡುತ್ತಿದ್ದೆ. ಆದರೆ "ಇನ್‌ಫೆಕ್ಷನ್ ಕಂಟ್ರೋಲ್ ಚಾರ್ಜ್" ಅಂತ ದಿನಕ್ಕೆ 450 ರೂಪಾಯಿ ಬೇರೆ ಹಾಕಿದ್ದಾರೆ. ಸ್ಪಂಜು ಇದ್ದ ದಿನಗಳಿಗೂ! ಆ ದಿನಗಳದ್ದನ್ನಾದರೂ ಬಿಡಿ ಅಂತ ವಾದ ಮಾಡಿದೆ. ಕೌಂಟರಿನ ಹುಡುಗ ನಕ್ಕ, ಬಿಡಲಿಲ್ಲ.

ಇದನ್ನು ಓದುವವರಿಗೆ ಒಂದು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅಡ್ಮಿಟ್ ಆದ ದಿನವೇ ಕೇಳಿ. ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಅಂತ ಇಂಥ ಮಕ್ಕಳಿಗೇ ವಾರ್ಡ್ ಇದೆ, ಅಲ್ಲಿ ಚಿಕಿತ್ಸೆ ಉಚಿತ. ನಮ್ಮ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಒಬ್ಬರು ದುಡ್ಡು ಮುಗಿದು ಹನ್ನೆರಡನೇ ದಿನ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋದರು. ಆ ಮಗುವೂ ಚೆನ್ನಾಗಿದೆ, ಈಗಲೂ ಫೋಟೋ ಕಳಿಸುತ್ತಾರೆ.

ಹೊರಡುವಾಗಿನ ವ್ಯವಸ್ಥೆ ಚೆನ್ನಾಗಿತ್ತು. ನಾಲ್ಕನೇ ವಾರಕ್ಕೆ ಕಣ್ಣಿನ ಪರದೆಯ ಪರೀಕ್ಷೆ ನೆನಪಿಟ್ಟು ಮಾಡಿದರು. ಬೇಗ ಹುಟ್ಟಿದ, ಆಕ್ಸಿಜನ್ ತಗೊಂಡ ಮಕ್ಕಳಿಗೆ ರೆಟಿನಾದ ರಕ್ತನಾಳ ಅಡ್ಡಾದಿಡ್ಡಿ ಬೆಳೆಯಬಹುದು, ಸೋಂಕು ಆಗಿದ್ದರೆ ಅಪಾಯ ಇನ್ನೂ ಜಾಸ್ತಿ. ಊರುಗಳ ಕಡೆ ಇರುವವರು ಕಿಡ್‌ರೋಪ್ ಬಗ್ಗೆ ವಿಚಾರಿಸಿ. ನಾರಾಯಣ ನೇತ್ರಾಲಯದವರು 2008ರಿಂದ ನಡೆಸುತ್ತಿರುವುದು, ಕ್ಯಾಮೆರಾ ತಗೊಂಡು ಜಿಲ್ಲೆಗಳ ಎನ್‌ಐಸಿಯುಗಳಿಗೇ ಹೋಗಿ ಮಗುವಿನ ಕಣ್ಣಿನ ಫೋಟೋ ತೆಗೆಯುತ್ತಾರೆ. ಅಮಿಕಾಸಿನ್ ಕಿವಿಗೆ ತೊಂದರೆ ಮಾಡಬಹುದು ಅಂತ ಕಿವಿ ಪರೀಕ್ಷೆಗೂ ದಿನ ಬರೆದು ಕೊಟ್ಟರು. 1,740 ಗ್ರಾಂ ಆದ ಮೇಲೆ ಕಳಿಸಿದರು.

ಮನೆಗೆ ಬಂದ ಮೇಲೆ ಇನ್ನೊಂದು ಯುದ್ಧ, ನಮ್ಮತ್ತೆ ಜೊತೆ. ಅವರು ಅಜ್ಜಿ ಕಾಲದ ಬೆಳ್ಳಿ ಒಳಲೆ ತಂದಿದ್ದರು, ಬಜೆ ತೇದು ಜೇನಲ್ಲಿ ನೆಕ್ಕಿಸಬೇಕು ಅಂತ. ಒಳಲೆ ಒಳ್ಳೆಯದೇ, ಆಸ್ಪತ್ರೆಯಲ್ಲೂ ಮಗು ಹಾಲು ಎಳೆಯಲು ಕಲಿಯುವವರೆಗೆ ಸ್ಟೀಲ್ ಒಳಲೆಯಲ್ಲೇ ಕುಡಿಸಿದ್ದು. ಬಜೆ, ಜೇನು ಮಾತ್ರ ಬೇಡ ಅಂತ ಸಿಸ್ಟರ್ ಹೇಳಿದ್ದರು, ನಾನೂ ಹೇಳಿದೆ. ಅತ್ತೆ ನನ್ನ ಮಾತು ಕೇಳುವವರಲ್ಲ. ಮನೆಗೆ ಬಂದ ಆಶಾ ಕಾರ್ಯಕರ್ತೆ, ಅವರ ಊರಿನವರೇ, ಎರಡು ಮಾತಲ್ಲಿ ಒಪ್ಪಿಸಿದರು. ಒಳಲೆ ದಿನಾ ಕುದಿಯುತ್ತದೆ, ಬಜೆ ಡಬ್ಬಿಯಲ್ಲಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಚಿಕಿತ್ಸೆಗೆ, ಆಯಮ್ಮನಿಗೆ, ಆ ಸಿಸ್ಟರ್‌ಗೆ ಪೂರ್ತಿ. ಕಳೆದಿದ್ದು ಚೀಟಿಗೆ, ಭಾನುವಾರದ ರಾತ್ರಿಗೆ, ಸ್ಪಂಜಿಗೆ. ಎನ್‌ಐಸಿಯು ನೋಡಲು ಹೋದರೆ ವೆಂಟಿಲೇಟರ್ ಎಷ್ಟಿದೆ ಅಂತ ಮಾತ್ರ ಕೇಳಿ ಬರಬೇಡಿ. ರಾತ್ರಿ ಎಷ್ಟು ಮಕ್ಕಳಿಗೆ ಒಬ್ಬ ಸಿಸ್ಟರ್, ತಾಯಂದಿರು ಪಂಪ್ ಎಲ್ಲಿ ತೊಳೆಯುತ್ತಾರೆ, ಅದನ್ನೂ ಕೇಳಿ.

ಮೂರು ತಿಂಗಳಿಗೆ ಕಿವಿ ಪರೀಕ್ಷೆಗೆ ಹೋಗಿದ್ದೆವು. ಎರಡೂ ಕಿವಿ ಪಾಸ್. ಹೆಂಡತಿ ಹಾಲು ಹಿಂಡುವ ರೂಮಿಗೆ ಇಣುಕಿ ಬಂದಳು. ಸ್ಪಂಜು ಇಲ್ಲ, ಬ್ರಷ್ಷುಗಳು ಸಾಲಾಗಿ ನೇತಾಡುತ್ತಿವೆ, ಪೇಪರ್ ರೋಲ್ ಮಾತ್ರ ಖಾಲಿಯಾಗಿದೆ ಅಂದಳು. ಹೋಗಿ ಹೇಳಿದೆ. ಇನ್‌ಚಾರ್ಜ್ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು, ಸ್ಟೋರಿಗೆ ಫೋನ್ ಮಾಡಿದರು. ರೋಲ್ ಬರುವವರೆಗೆ ಅಲ್ಲೇ ನಿಂತಿದ್ದೆವು.